ನಾಲ್ಕು ಸಣ್ಣ ದೇಶಗಳ ದೊಡ್ಡ ವ್ಯಾಪಾರ

1974ರ ಜನವರಿ 20. ಕ್ಯಾಲಿಫೋರ್ನಿಯಾದ ಎಡ್ವರ್ಡ್ಸ್ ವಾಯುನೆಲೆಯಲ್ಲಿ ಫಿಲ್ ಓಸ್ಟ್ರಿಕರ್ ಎಂಬ ಟೆಸ್ಟ್ ಪೈಲಟ್ ಹೊಸ ವಿಮಾನವೊಂದನ್ನು ರನ್‌ವೇ ಮೇಲೆ ಜೋರಾಗಿ ಓಡಿಸಿ ನೋಡುತ್ತಿದ್ದರು. ಅವತ್ತು ಹಾರಿಸುವ ಮಾತೇ ಇರಲಿಲ್ಲ. ವೇಗ ಏರಿ ಮೂತಿ ಮೇಲೇಳುತ್ತಿದ್ದಂತೆ ವಿಮಾನ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲತೊಡಗಿತು. ಸರಿಪಡಿಸಲು ಪೈಲಟ್ ಕೈಯಾಡಿಸಿದಷ್ಟೂ ವಾಲಾಟ ಹೆಚ್ಚಾಯಿತು. ಬಾಲದ ರೆಕ್ಕೆಯ ಅಂಚು ನೆಲಕ್ಕೆ ಉಜ್ಜಿತು, ವಿಮಾನ ರನ್‌ವೇ ಬಿಟ್ಟು ಪಕ್ಕಕ್ಕೆ ಸರಿಯತೊಡಗಿತು. ನೆಲದ ಮೇಲೆ ಉಳಿದರೆ ಅಪಾಯ, ಮೇಲೇರಿದರೇ ಕ್ಷೇಮ ಎಂದು ಅರೆಗಳಿಗೆಯಲ್ಲಿ ಲೆಕ್ಕ ಹಾಕಿದ ಓಸ್ಟ್ರಿಕರ್ ಎಂಜಿನ್ನಿಗೆ ಬಲ ಕೊಟ್ಟು ಹಾರಿಯೇಬಿಟ್ಟರು. ಒಂದು ಸುತ್ತು ಹಾಕಿ ಆರು ನಿಮಿಷದಲ್ಲಿ ಮೆತ್ತಗೆ ಇಳಿಸಿದರು. ಜನರಲ್ ಡೈನಾಮಿಕ್ಸ್ ಕಂಪನಿಯ ವೈಎಫ್-16 ಮೊದಲ ಸಲ ಆಕಾಶ ಕಂಡದ್ದು ಹೀಗೆ. ಕಾಗದದ ಮೇಲಿನ ‘ಮೊದಲ ಹಾರಾಟ’ ನಡೆದದ್ದು ಫೆಬ್ರವರಿ 2ರಂದು.

ಸಮಾರಂಭಕ್ಕೆ ಮೊದಲೇ ಹಾರಿಬಿಟ್ಟ ಈ ವಿಮಾನದ ಮೇಲೆ ಯುರೋಪಿನ ನಾಲ್ಕು ದೇಶಗಳು ಕಣ್ಣಿಟ್ಟಿದ್ದವು. ಬೆಲ್ಜಿಯಂ, ನೆದರ್ಲೆಂಡ್ಸ್, ಡೆನ್ಮಾರ್ಕ್, ನಾರ್ವೆ. ನಾಲ್ಕೂ ನೇಟೋ ಸದಸ್ಯರು, ನಾಲ್ಕೂ ಸಣ್ಣವು. ಒಬ್ಬೊಬ್ಬರೇ ಹೋದರೆ ವಿಮಾನ ಕಂಪನಿಗಳ ಬಾಗಿಲಲ್ಲಿ ಯಾರೂ ಎದ್ದು ನಿಂತು ಸ್ವಾಗತಿಸುವಂಥ ಗಿರಾಕಿಗಳಲ್ಲ. ನಾಲ್ವರ ಕೊಟ್ಟಿಗೆಯಲ್ಲೂ ಒಂದೇ ತಳಿಯ ಮುದಿ ಕುದುರೆ ಇತ್ತು. ಅದರ ಹೆಸರು ಸ್ಟಾರ್‌ಫೈಟರ್, ಲಾಕ್‌ಹೀಡ್ ಕಂಪನಿಯ ಎಫ್-104.

ಸ್ಟಾರ್‌ಫೈಟರ್ ಕಥೆ ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಈಟಿಯಂಥ ಮೈ, ಕತ್ತಿಯಂಥ ಪುಟ್ಟ ರೆಕ್ಕೆ. ಶಬ್ದದ ಎರಡು ಪಟ್ಟು ವೇಗದಲ್ಲಿ ಎತ್ತರಕ್ಕೆ ನುಗ್ಗಿ ಶತ್ರು ವಿಮಾನವನ್ನು ಹೊಡೆಯಲು ಹುಟ್ಟಿದ ವಿಮಾನ ಅದು. ಯುರೋಪಿಯನ್ನರು ಅದಕ್ಕೆ ಬಾಂಬು, ರೇಡಾರು, ಇನ್ನಷ್ಟು ಉಪಕರಣ ಹೇರಿ, ಮೋಡ ಮುಸುಕಿದ ಹವೆಯಲ್ಲಿ ಮರದೆತ್ತರದಲ್ಲಿ ಹಾರುವ ಕೆಲಸ ಹಚ್ಚಿದರು. ಪಶ್ಚಿಮ ಜರ್ಮನಿ ಕೊಂಡ 916ರಲ್ಲಿ 290ಕ್ಕೂ ಹೆಚ್ಚು ವಿಮಾನಗಳು ಉದುರಿದವು. ನೂರಕ್ಕೂ ಹೆಚ್ಚು ಪೈಲಟ್‌ಗಳು ಸತ್ತರು. ಜರ್ಮನ್ ಪತ್ರಿಕೆಗಳು ಅದನ್ನು ‘ವಿಧವೆಯರನ್ನು ಮಾಡುವ ಯಂತ್ರ’ ಎಂದು ಕರೆದವು. ಸ್ಟಾರ್‌ಫೈಟರ್ ಬೇಕೇ, ಒಂದು ತುಂಡು ಹೊಲ ಕೊಂಡುಕೊಂಡು ಕಾಯುತ್ತಿರಿ, ತಾನೇ ಬಂದು ಬೀಳುತ್ತದೆ ಎಂಬ ಕರಾಳ ಹಾಸ್ಯ ಜರ್ಮನಿಯಲ್ಲಿ ಮನೆಮಾತಾಗಿತ್ತು. ನಮ್ಮ ನಾಲ್ವರ ಬಳಿಯೂ ಎಪ್ಪತ್ತರ ದಶಕ ಬರುವ ಹೊತ್ತಿಗೆ ಆ ವಿಮಾನಗಳಿಗೆ ವಯಸ್ಸಾಗಿತ್ತು.

ನಮ್ಮ ಕಡೆಯ ದನಗಳ ಜಾತ್ರೆಯಲ್ಲಿ ಹೋರಿ ಕೊಳ್ಳುವವರು ಒಂದು ಮಾತು ಹೇಳುತ್ತಾರೆ: ಒಬ್ಬನೇ ಹೋಗಬೇಡ, ಊರಿನ ನಾಲ್ಕು ಜನರನ್ನು ಕರೆದುಕೊಂಡು ಹೋಗು. 1974ರಲ್ಲಿ ಈ ದೇಶಗಳು ಮಾಡಿದ್ದೂ ಅದನ್ನೇ. ಒಂದು ಜಂಟಿ ತಂಡ ಕಟ್ಟಿ, ಕೊಂಡರೆ ನಾಲ್ವರೂ ಒಂದೇ ವಿಮಾನ ಕೊಳ್ಳೋಣ ಎಂದು ಗಟ್ಟಿಮಾಡಿಕೊಂಡವು. ಎಲ್ಲ ಸೇರಿ ಮುನ್ನೂರೈವತ್ತರ ಆಸುಪಾಸು. ಅಷ್ಟು ವಿಮಾನಗಳ ಖರೀದಿ ಎಂದರೆ ಎರಡು ಶತಕೋಟಿ ಡಾಲರ್. ಪತ್ರಿಕೆಗಳು ಅದಕ್ಕೆ ‘ಶತಮಾನದ ಒಪ್ಪಂದ’ ಎಂದು ಹೆಸರಿಟ್ಟವು. ಇನ್ನೂ ಕಾಲು ಶತಮಾನ ಬಾಕಿ ಇರುವಾಗಲೇ ಹಾಗೆ ಕರೆದದ್ದು ಪತ್ರಿಕೆಯವರ ಉದಾರತೆ.

ಮಾರುವವರು ನಾಲ್ಕು ಕಡೆಯಿಂದ ಬಂದರು. ಫ್ರಾನ್ಸ್‌ನ ದಾಸೋ ಕಂಪನಿ ಮಿರಾಜ್ ಎಫ್1ಕ್ಕೆ ಹೊಸ ಎಂ53 ಎಂಜಿನ್ ಕೂರಿಸಿ ತಂದಿತು. ಸ್ವೀಡನ್ನಿನ ಸಾಬ್ ತನ್ನ ವಿಗನ್ ವಿಮಾನಕ್ಕೆ ‘ಯುರೋಫೈಟರ್’ ಎಂಬ ಹೆಸರು ಹಚ್ಚಿತು. (ಇಂದು ಅದೇ ಹೆಸರಿನಲ್ಲಿ ಹಾರುವ ವಿಮಾನಕ್ಕೂ ಇದಕ್ಕೂ ನಂಟಿಲ್ಲ.) ಅಮೆರಿಕದ ನಾರ್ತ್ರಪ್ ವರ್ಷಗಳಿಂದ ಯುರೋಪಿನಲ್ಲಿ ‘ಕೋಬ್ರಾ’ ಎಂಬ ನಕ್ಷೆ ಹಿಡಿದು ತಿರುಗುತ್ತಿತ್ತು, ಅದೇ ಬೆಳೆದು ವೈಎಫ್-17 ಆಗಿತ್ತು. ನಾಲ್ಕನೆಯದು ಓಸ್ಟ್ರಿಕರ್ ಹಾರಿಸಿದ ವೈಎಫ್-16.

ಸ್ವೀಡನ್ ಬಹಳ ದೂರ ಬರಲಿಲ್ಲ. ಆಗ ಅದು ನೇಟೋಗೆ ಸೇರದ ತಟಸ್ಥ ದೇಶವಾಗಿತ್ತು. ಯುದ್ಧ ಬಂದರೆ ಬಿಡಿಭಾಗ ಕೊಡುತ್ತದೆಂಬ ಖಾತ್ರಿ ಏನು? ಮೇಲಾಗಿ ವಿಗನ್ನಿನ ಎಂಜಿನ್ ಅಮೆರಿಕದ ಪ್ರ್ಯಾಟ್ ಅಂಡ್ ವಿಟ್ನಿ ಎಂಜಿನ್ನಿನ ಮೇಲೆ ಕಟ್ಟಿದ್ದು. ಮೈ ಸ್ವೀಡನ್ನಿನದಾದರೂ ಹೃದಯದ ಮೇಲಿನ ಹಕ್ಕು ಬೇರೆಯವರದು.

ಫ್ರಾನ್ಸ್‌ನ ವಾದಕ್ಕೆ ತೂಕ ಹೆಚ್ಚು. ಯುರೋಪಿನ ಆಕಾಶಕ್ಕೆ ಯುರೋಪಿನ ವಿಮಾನ ಬೇಡವೇ? ನೀವು ನಾಲ್ವರೂ ಅಮೆರಿಕಕ್ಕೆ ಹೋದರೆ ಈ ಖಂಡದಲ್ಲಿ ವಿಮಾನ ಕಟ್ಟುವ ವಿದ್ಯೆ ಉಳಿಯುವುದೇ? 1974ರ ಮೇ ತಿಂಗಳಲ್ಲಿ ಅಧ್ಯಕ್ಷರಾಗಿದ್ದ ಜಿಸ್ಕಾರ್ ದೆಸ್ತಾಂಗ್, ಪ್ರಧಾನಿ ಜಾಕ್ ಶಿರಾಕ್ ಇಬ್ಬರ ಸರ್ಕಾರವೂ ಮಿರಾಜ್ ಬೆನ್ನಿಗೆ ನಿಂತಿತು. ಆದರೆ ಇದೇ ಫ್ರಾನ್ಸ್ 1966ರಲ್ಲಿ ನೇಟೋದ ಸೇನಾ ವ್ಯವಸ್ಥೆಯಿಂದ ಹೊರನಡೆದಿತ್ತು. ನೇಟೋ ತನ್ನ ಕಚೇರಿಯನ್ನು ಪ್ಯಾರಿಸ್‌ನಿಂದ ಬ್ರಸೆಲ್ಸ್‌ಗೆ ಸಾಗಿಸಬೇಕಾಗಿ ಬಂದಿತ್ತು. ಕೂಡುಕುಟುಂಬದಿಂದ ಹಿಸ್ಸೆ ತೆಗೆದುಕೊಂಡು ಹೋದವನು ಹಿಂದಿರುಗಿ ಬಂದು ‘ನಾವೆಲ್ಲ ಒಂದೇ ಮನೆಯವರಲ್ಲವೇ’ ಎಂದರೆ ಹೇಗಿರುತ್ತದೆಯೋ ಹಾಗೆ ಕೇಳಿಸಿತು ಆ ಮಾತು, ಅದರಲ್ಲೂ ಡಚ್ಚರಿಗೆ ಮತ್ತು ನಾರ್ವೆಯವರಿಗೆ.

ಮಿರಾಜ್‌ಗೆ ಇನ್ನೊಂದು ತೊಡಕಿತ್ತು. ಎಂ53 ಎಂಜಿನ್ನಿನ ಎಫ್1 ಮೊದಲು ಹಾರಿದ್ದೇ 1974ರ ಡಿಸೆಂಬರ್ 22ರಂದು. ಫ್ರೆಂಚ್ ವಾಯುಪಡೆಯೇ ಆ ಮಾದರಿಯನ್ನು ಆತುರದಿಂದ ಕೇಳಿರಲಿಲ್ಲ. ಅಡುಗೆಯವನೇ ಉಣ್ಣದ ಊಟವನ್ನು ನೆಂಟರಿಗೆ ಬಡಿಸಿದಂತೆ.

ಅಮೆರಿಕದಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ, ಮತ್ತು ಈ ಕಥೆಯಲ್ಲಿ ನನಗೆ ಹೆಚ್ಚು ರುಚಿಸುವ ಭಾಗವೂ ಅದೇ. ವಿಯೆಟ್ನಾಂನಲ್ಲಿ ತಮ್ಮ ಭಾರದ ಫ್ಯಾಂಟಮ್ ವಿಮಾನಗಳು ಶತ್ರುಗಳ ಚುರುಕಾದ ಮಿಗ್‌ಗಳ ಮುಂದೆ ಪರದಾಡಿದ್ದನ್ನು ಕಂಡ ಜಾನ್ ಬಾಯ್ಡ್ ಎಂಬ ಜಗಳಗಂಟ ಅಧಿಕಾರಿ, ಗಣಿತಜ್ಞ ಥಾಮಸ್ ಕ್ರಿಸ್ಟಿ, ವಿಶ್ಲೇಷಕ ಪಿಯರ್ ಸ್ಪ್ರೇ ಮುಂತಾದವರು ಪೆಂಟಗನ್ನಿನಲ್ಲಿ ಒಂದು ಗುಂಪು ಕಟ್ಟಿದ್ದರು. ‘ಫೈಟರ್ ಮಾಫಿಯಾ’ ಎಂಬುದು ಅದಕ್ಕೆ ಬಿದ್ದ ಅಡ್ಡಹೆಸರು. ಅವರ ಹಟ ಇಷ್ಟೇ: ಫೈಟರ್ ಗೆಲ್ಲುವುದು ಗರಿಷ್ಠ ವೇಗದಿಂದಲ್ಲ, ಎಷ್ಟು ಬೇಗ ತಿರುಗುತ್ತದೆ, ತಿರುಗಿ ಕಳೆದುಕೊಂಡ ವೇಗವನ್ನು ಎಷ್ಟು ಬೇಗ ಮತ್ತೆ ಗಳಿಸುತ್ತದೆ ಎಂಬುದರಿಂದ. ಹಾಗಾಗಿ ಹಗುರವಾದ, ಅಗ್ಗದ, ಒಂದೇ ಕೆಲಸ ಚೆನ್ನಾಗಿ ಮಾಡುವ ವಿಮಾನ ಬೇಕು. ವಾಯುಪಡೆಯ ದೊಡ್ಡವರಿಗೆ ಇದು ಹಿಡಿಸಲಿಲ್ಲ. ಅವರಿಗೆ ದೊಡ್ಡ, ದುಬಾರಿ ಎಫ್-15 ಇತ್ತು. ಅದರ ಅನುದಾನಕ್ಕೆ ಯಾರೂ ಕೈ ಹಾಕಬಾರದು. ಹೀಗಾಗಿ 1972ರಲ್ಲಿ ಜನರಲ್ ಡೈನಾಮಿಕ್ಸ್ ಮತ್ತು ನಾರ್ತ್ರಪ್‌ಗಳಿಗೆ ಕೊಟ್ಟ ಕೆಲಸ ಪ್ರಯೋಗಕ್ಕೆ ಮಾತ್ರ, ಕೊಳ್ಳುವ ಭರವಸೆ ಇಲ್ಲ.

ಆ ಪ್ರಯೋಗ ಖರೀದಿಯಾಗಿ ಮಾರ್ಪಟ್ಟದ್ದರಲ್ಲಿ ನಮ್ಮ ನಾಲ್ಕು ಸಣ್ಣ ದೇಶಗಳ ಪಾಲು ದೊಡ್ಡದು. ನಿಮ್ಮದೇ ವಾಯುಪಡೆ ಕೊಳ್ಳದ ವಿಮಾನವನ್ನು ನಾವೂ ಕೊಳ್ಳುವುದಿಲ್ಲ ಎಂದು ಅವು ಪಟ್ಟು ಹಿಡಿದವು. ರಕ್ಷಣಾ ಕಾರ್ಯದರ್ಶಿ ಜೇಮ್ಸ್ ಶ್ಲೆಸಿಂಜರ್‌ಗೂ ಅಗ್ಗದ ವಿಮಾನ ಬೇಕಿತ್ತು, ಯುರೋಪಿನ ಮಾರುಕಟ್ಟೆಯೂ ಬೇಕಿತ್ತು. ಗೆದ್ದ ವಿಮಾನವನ್ನು ಅಮೆರಿಕನ್ ವಾಯುಪಡೆ ಕೊಳ್ಳುತ್ತದೆ ಎಂದು ಅವರು ಘೋಷಿಸಿದರು. ಯುರೋಪಿನವರ ಗಡುವಿಗೆ ಹೊಂದುವಂತೆ ಪೈಪೋಟಿಯನ್ನು ಬೇಗ ಮುಗಿಸಲು ಹೇಳಿದರು. 1975ರ ಜನವರಿ 13ರಂದು ವಾಯುಪಡೆಯ ಕಾರ್ಯದರ್ಶಿ ಜಾನ್ ಮೆಕ್ಲೂಕಸ್ ಫಲಿತಾಂಶ ಹೇಳಿದರು: ವೈಎಫ್-16. ಮೊದಲ ಕಂತಿನಲ್ಲಿ 650 ಕೊಳ್ಳುವ ಯೋಜನೆ. ಅದರ ಎಂಜಿನ್ ಎಫ್-15ರಲ್ಲಿ ಇದ್ದದ್ದೇ ಆದ್ದರಿಂದ ವಾಯುಪಡೆಯ ಹಿರಿಯರ ಸಿಟ್ಟೂ ಸ್ವಲ್ಪ ಇಳಿಯಿತು. ನಾರ್ತ್ರಪ್‌ನ ವಿಮಾನವನ್ನು ನೌಕಾಪಡೆ ಎತ್ತಿಕೊಂಡು ಎಫ್-18 ಮಾಡಿಕೊಂಡಿತು. ಆದರೆ ಯುರೋಪಿನಲ್ಲಿ ಕೋಬ್ರಾದ ಹೆಡೆ ಅಲ್ಲಿಗೆ ಇಳಿಯಿತು.

ಗೆದ್ದ ವಿಮಾನದ ಒಳಗೆ ಒಮ್ಮೆ ಕೂತು ನೋಡೋಣ. ಆಸನ 30 ಡಿಗ್ರಿ ಹಿಂದಕ್ಕೆ ಒರಗಿದೆ, ಆರಾಮ ಕುರ್ಚಿಯಂತೆ. ತಿರುವಿನಲ್ಲಿ ಮೈತೂಕ ಒಂಬತ್ತು ಪಟ್ಟು ಆಗುವಾಗ ತಡೆದುಕೊಳ್ಳಲಿ ಎಂದು. ತಲೆಯ ಮೇಲಿನ ಗಾಜು ಒಂದೇ ಗುಳ್ಳೆ. ಎದುರಿಗೆ ಅಡ್ಡಪಟ್ಟಿ ಇಲ್ಲ. ಮೊಣಕಾಲುಗಳ ನಡುವೆ ಇರಬೇಕಾದ ಸ್ಟಿಕ್ ಬಲಗೈ ಪಕ್ಕದಲ್ಲಿದೆ, ಮೊದಮೊದಲು ಅದು ಅಲುಗಾಡುತ್ತಲೇ ಇರಲಿಲ್ಲ. ಕೈ ಒತ್ತಿದ ಬಲವನ್ನಷ್ಟೇ ಅಳೆಯುತ್ತಿತ್ತು. ಏನೂ ಅಲುಗದ್ದನ್ನು ಒತ್ತುವುದು ಪೈಲಟ್‌ಗಳಿಗೆ ಇರಿಸುಮುರಿಸಾಗಿ, ಆಮೇಲೆ ಕೂದಲೆಳೆಯಷ್ಟು ಚಲನೆ ಕೊಟ್ಟರು. ಸ್ಟಿಕ್ಕಿನಿಂದ ರೆಕ್ಕೆಗೆ ಸರಳೂ ಇಲ್ಲ, ಹಗ್ಗವೂ ಇಲ್ಲ, ಬರೀ ವಿದ್ಯುತ್ ತಂತಿ. ವಿಮಾನವನ್ನು ಬೇಕೆಂದೇ ಸಮತೋಲನ ತಪ್ಪಿಸಿ ಕಟ್ಟಿದ್ದರು. ಅಂಗೈ ಮೇಲೆ ಕೋಲು ನಿಲ್ಲಿಸಿಕೊಂಡವನು ಕೈಯನ್ನು ಸದಾ ಆಡಿಸುತ್ತಿರುವಂತೆ ಕಂಪ್ಯೂಟರ್ ಕ್ಷಣಕ್ಷಣಕ್ಕೂ ಅದನ್ನು ಸಂಭಾಳಿಸಬೇಕು. ಬೀಳಲು ಸದಾ ಸಿದ್ಧವಾಗಿರುವುದರಿಂದಲೇ ತಿರುಗಲೂ ಸದಾ ಸಿದ್ಧ. ಎಡ್ವರ್ಡ್ಸ್‌ನ ಆ ವಾಲಾಟಕ್ಕೂ ಇದೇ ವ್ಯವಸ್ಥೆ ಕೈಯ ಒತ್ತಡಕ್ಕೆ ಅತಿಯಾಗಿ ಸ್ಪಂದಿಸಿದ್ದು ಕಾರಣ.

ಇನ್ನು ಚೌಕಾಸಿ. ಜಾತ್ರೆಯಲ್ಲಿ ದಲ್ಲಾಳಿಗಳು ಟವೆಲ್ ಮುಚ್ಚಿ ಬೆರಳು ಹಿಡಿದು ಬೆಲೆ ಕುದುರಿಸುತ್ತಾರೆ. ಸುತ್ತ ನಿಂತವರಿಗೆ ಕಾಣುವುದು ಮುಖಗಳು ಮಾತ್ರ. ಈ ವ್ಯಾಪಾರದಲ್ಲೂ ಟವೆಲಿನಡಿ ಏನೇನೋ ನಡೆಯುತ್ತಿತ್ತು.

ಪೌಲ್ ಸ್ಟೆಲಾಂ ಫ್ರೆಂಚ್ ವಾಯುಪಡೆಯ ಮಾಜಿ ಮುಖ್ಯಸ್ಥರು. ಎರಡನೇ ಮಹಾಯುದ್ಧಕ್ಕೆ ಮುನ್ನ ಬರ್ಲಿನ್‌ನ ಫ್ರೆಂಚ್ ರಾಯಭಾರ ಕಚೇರಿಯಲ್ಲಿ ವಾಯುಪಡೆಯ ಪ್ರತಿನಿಧಿಯಾಗಿದ್ದು ಹಿಟ್ಲರನ ವಿಮಾನಪಡೆ ಬೆಳೆಯುವುದನ್ನು ಹತ್ತಿರದಿಂದ ಕಂಡವರು. 1974ರಲ್ಲಿ ಅವರು ಸಂಸತ್ತಿನ ಉಪಾಧ್ಯಕ್ಷರಲ್ಲೊಬ್ಬರು. ಅಮೆರಿಕದ ಹೊಸ ವಿಮಾನಗಳ ಮುಂದೆ ಮಿರಾಜ್ ನಿಲ್ಲಲಾರದು ಎಂದು ಅವರು ಅಧ್ಯಕ್ಷ ಜಿಸ್ಕಾರ್‌ಗೆ ಬರೆದ ಟಿಪ್ಪಣಿ ನವೆಂಬರ್‌ನಲ್ಲಿ ಬಯಲಾಯಿತು. ದೇಶದ್ರೋಹಿ ಎಂಬ ಕೂಗೆದ್ದು ಉಪಾಧ್ಯಕ್ಷ ಸ್ಥಾನ ಬಿಟ್ಟರು. ಮರುವರ್ಷ ಜೂನ್ ಆರಂಭದಲ್ಲಿ ವಾಷಿಂಗ್ಟನ್ನಿನಲ್ಲಿ ಸೆನೆಟ್ ಉಪಸಮಿತಿಯೊಂದು ಹೊರಗೆಡವಿದ ಕಾಗದಗಳಲ್ಲಿ ಅವರ ಹೆಸರಿತ್ತು: ಸ್ಟೆಲಾಂ ವರ್ಷಗಳಿಂದ ನಾರ್ತ್ರಪ್‌ನ ಸಂಬಳ ಪಡೆಯುವ ಸಲಹೆಗಾರ. ಆ ಸುದ್ದಿ ಹರಡಿದ ಜೂನ್ 6ರಂದೇ ಪ್ಯಾರಿಸ್‌ನ ಬೀದಿ ದಾಟುವಾಗ ಬಸ್ಸೊಂದು ಅವರಿಗೆ ಬಡಿಯಿತು. ಎರಡು ವಾರ ನರಳಿ ಅವರು ತೀರಿಕೊಂಡರು. ವಿಮಾನದ ಬಗ್ಗೆ ಅವರು ಬರೆದದ್ದು ತಾಂತ್ರಿಕವಾಗಿ ಸರಿಯೇ ಇತ್ತು. ಆದರೆ ಕೈ ಟವೆಲಿನಡಿ ಇದ್ದವನ ನಿಜವನ್ನು ಯಾರು ನಂಬುತ್ತಾರೆ?

ಸ್ಟೆಲಾಂ ಬೀದಿಯಲ್ಲಿ ಬಿದ್ದ ಹೊತ್ತಿಗೆ ಪ್ಯಾರಿಸ್ ಹೊರವಲಯದ ಲ ಬೂರ್ಜೆಯಲ್ಲಿ ವಿಮಾನ ಪ್ರದರ್ಶನ ನಡೆದಿತ್ತು. ಅಮೆರಿಕನ್ನರು ವೈಎಫ್-16 ತಂದು ಫ್ರೆಂಚರ ಅಂಗಳದಲ್ಲೇ ಹಾರಿಸಿ ತೋರಿಸಿದರು. ಡಚ್ಚರು, ಡೇನರು, ನಾರ್ವೆಯವರು ಅಷ್ಟರಲ್ಲಿ ಅಮೆರಿಕದ ಕಡೆ ವಾಲಿಯಾಗಿತ್ತು. ನೆದರ್ಲೆಂಡ್ಸ್‌ನ ರಕ್ಷಣಾ ಸಚಿವ ಹೆಂಕ್ ವ್ರೆಡೆಲಿಂಗ್ ಎಡಪಂಥದ ಲೇಬರ್ ಪಕ್ಷದವರಾದರೂ ಲೆಕ್ಕ ಬಿಡಿಸಿ ನೋಡಿದಾಗ ಬೇರೆ ಉತ್ತರ ಬರಲಿಲ್ಲ. ಉಳಿದದ್ದು ಬೆಲ್ಜಿಯಂ.

ಬೆಲ್ಜಿಯಂ ಎಂದರೆ ಒಂದು ದೇಶ, ಎರಡು ಮುಖ್ಯ ನುಡಿ. ಫ್ರೆಂಚ್ ಮಾತಾಡುವ ವಲ್ಲೂನ್ ಪ್ರದೇಶದಲ್ಲಿ ಮಿರಾಜ್ ಬಗ್ಗೆ ಒಲವು. ಡಚ್ ಮಾತಾಡುವ ಫ್ಲೆಮಿಷ್ ಪ್ರದೇಶದಲ್ಲಿ ಪ್ಯಾರಿಸ್ ಮೇಲೆ ಗುಮಾನಿ. ಭಾಷೆಯ ಗಡಿಯಲ್ಲಿ ಸರ್ಕಾರಗಳು ತತ್ತರಿಸುವುದು ನಮಗೆ ಬಿಡಿಸಿ ಹೇಳಬೇಕಾದ ವಿಷಯವಲ್ಲ. ಮೇಲಾಗಿ ಬೆಲ್ಜಿಯಂ ಕೆಲವೇ ವರ್ಷಗಳ ಹಿಂದೆ 106 ಮಿರಾಜ್-5 ವಿಮಾನ ಕೊಂಡಿತ್ತು. ಅವನ್ನು ಜೋಡಿಸಿದ ಸಾಬ್ಕಾ ಕಾರ್ಖಾನೆಯಲ್ಲಿ ದಾಸೋ ಕಂಪನಿಯದೇ ಪಾಲಿತ್ತು. ಅದೇ ಕಾರ್ಖಾನೆಗೆ, ವೈಎಫ್-16ರಿಂದ ಹುಟ್ಟಿದ ಎಫ್-16 ಜೋಡಿಸುವ ಕೆಲಸವನ್ನೂ ಅಮೆರಿಕನ್ನರು ಮುಂದಿಟ್ಟರು. ಗೋಸೆಲಿಯ ಆ ಶೆಡ್ಡುಗಳು ಇರುವುದು ವಲ್ಲೂನ್ ನೆಲದಲ್ಲಿ. ಎಂಜಿನ್ ಜೋಡಣೆ ಹೆರ್‌ಸ್ಟಾಲಿನ ಎಫ್‌ಎನ್ ಬಂದೂಕು ಕಾರ್ಖಾನೆಗೆ, ಅದೂ ವಲ್ಲೂನ್ ನೆಲವೇ. ವಾದ ಮೆಲ್ಲಗೆ ಮೆತ್ತಗಾಯಿತು.

ಜೂನ್ 7ರಂದು ಪ್ರಧಾನಿ ಲಿಯೋ ಟಿಂಡೆಮನ್ಸ್ ಸರ್ಕಾರ ಎಫ್-16 ಎಂದಿತು. ಒಂದು ಸಂಗತಿ ಹೇಳಲೇಬೇಕು. ಯುರೋಪಿಯನ್ ಒಕ್ಕೂಟ ಹೇಗಿರಬೇಕು ಎಂಬ ವರದಿ ಬರೆಯುವ ಹೊಣೆಯನ್ನು ಯುರೋಪಿನ ನಾಯಕರು ಹಿಂದಿನ ವರ್ಷದ ಕೊನೆಗೆ ವಹಿಸಿದ್ದು ಇದೇ ಟಿಂಡೆಮನ್ಸ್‌ಗೆ. ಪ್ಯಾರಿಸ್ಸಿನ ಪತ್ರಿಕೆಗಳಿಗೆ ಇದಕ್ಕಿಂತ ಒಳ್ಳೆಯ ವ್ಯಂಗ್ಯ ಬೇಕಿರಲಿಲ್ಲ.

ಒಟ್ಟು 348 ವಿಮಾನ: ಬೆಲ್ಜಿಯಂಗೆ 116, ನೆದರ್ಲೆಂಡ್ಸ್‌ಗೆ 102, ನಾರ್ವೆಗೆ 72, ಡೆನ್ಮಾರ್ಕ್‌ಗೆ 58. ಒಂದಕ್ಕೆ 60.9 ಲಕ್ಷ ಡಾಲರ್ ಮೀರುವಂತಿಲ್ಲ ಎಂಬ ಕರಾರು. ಆದರೆ ನಾಲ್ವರು ಸೇರಿ ಬಂದದ್ದರ ನಿಜವಾದ ಫಲ ಬೆಲೆಯಲ್ಲಿ ಇರಲಿಲ್ಲ. ತಮ್ಮ 348 ವಿಮಾನಗಳ ಮೌಲ್ಯದ ಶೇ. 40ರಷ್ಟು ಕೆಲಸ ತಮ್ಮ ಕಾರ್ಖಾನೆಗಳಿಗೆ, ಅಮೆರಿಕನ್ ವಾಯುಪಡೆ ಕೊಳ್ಳುವ 650ರಲ್ಲಿ ಶೇ. 10, ಬೇರೆ ಯಾವ ದೇಶ ಕೊಂಡರೂ ಅದರಲ್ಲಿ ಶೇ. 15. ಅಂದರೆ ಗಿರಾಕಿಗಳೇ ಅಂಗಡಿಯಲ್ಲಿ ಪಾಲುದಾರರಾದರು. ಬೆಲ್ಜಿಯಂನ ಗೋಸೆಲಿಯಲ್ಲಿ ಒಂದು, ಆಮ್‌ಸ್ಟರ್‌ಡಾಂ ಬಳಿಯ ಸ್ಖಿಪೋಲ್‌ನ ಫೋಕರ್ ಕಾರ್ಖಾನೆಯಲ್ಲಿ ಇನ್ನೊಂದು ಜೋಡಣೆ ಸಾಲು. ಎಂಜಿನ್ನಿನ ಟರ್ಬೈನ್ ಭಾಗ ನಾರ್ವೆಯ ಕೊಂಗ್ಸ್‌ಬರ್ಗ್‌ನಿಂದ, ಬಾಲದ ನೇರ ರೆಕ್ಕೆ ಡೆನ್ಮಾರ್ಕ್‌ನಿಂದ. ಟೆಕ್ಸಸ್ಸಿನ ಫೋರ್ಟ್‌ವರ್ತ್‌ನಲ್ಲಿ ಕಟ್ಟಿದ ವಿಮಾನದಲ್ಲೂ ಯುರೋಪಿನಲ್ಲಿ ಬಡಿದ ರಿವೆಟ್ಟುಗಳು ಇರುತ್ತಿದ್ದವು.

ನಾರ್ವೆಯವರು ತಮ್ಮ ವಿಮಾನಕ್ಕೆ ಒಂದು ವಿಶೇಷ ಕೇಳಿದರು: ಹಿಮಗಟ್ಟಿದ ರನ್‌ವೇಯಲ್ಲಿ ಬ್ರೇಕ್ ಹಿಡಿಯುವುದಿಲ್ಲ, ಹಿಂದೆ ಬಿಚ್ಚಿಕೊಳ್ಳುವ ಪ್ಯಾರಾಚೂಟ್ ಬೇಕು. ಅದಕ್ಕಾಗಿ ಬಾಲದ ಬುಡ ಹಿಂದಕ್ಕೆ ಉದ್ದವಾಯಿತು. ನಾರ್ವೆ, ಡೆನ್ಮಾರ್ಕ್ ವಿಮಾನಗಳ ಮೂತಿಯ ಎಡಬದಿಗೆ ಒಂದು ಸರ್ಚ್‌ಲೈಟ್ ಕೂಡ ಬಂತು, ಕತ್ತಲೆಯಲ್ಲಿ ಎದುರಾದ ಅಪರಿಚಿತ ವಿಮಾನದ ಮೈಮೇಲಿನ ಗುರುತು ಓದಲು. ಉತ್ತರ ಧ್ರುವದ ಹತ್ತಿರ ಚಳಿಗಾಲದ ರಾತ್ರಿ ಎಷ್ಟು ಉದ್ದ ಎಂಬುದು ಆ ಒಂದು ದೀಪದಲ್ಲಿ ಕಾಣುತ್ತದೆ.

1979ರ ಜನವರಿ 6ರಂದು ಅಮೆರಿಕದ ಹಿಲ್ ವಾಯುನೆಲೆಯ ತುಕಡಿಗೆ ಮೊದಲ ಎಫ್-16 ಬಂತು. ಜನವರಿ 26ರಂದು ಬೆಲ್ಜಿಯಂ ವಾಯುಪಡೆ ತನ್ನ ಮೊದಲನೆಯದನ್ನು ಪಡೆಯಿತು. ಮಾಲೀಕನಿಗೂ ಗಿರಾಕಿಗೂ ಇಪ್ಪತ್ತೇ ದಿನಗಳ ಅಂತರ.

ಈ ನಡುವೆ ಹಳೆಯ ಟವೆಲ್ ಒಂದು ಕಳಚಿ ಬಿದ್ದಿತ್ತು. 1976ರಲ್ಲಿ ಅದೇ ಸೆನೆಟ್ ಉಪಸಮಿತಿಯ ಮುಂದೆ ಲಾಕ್‌ಹೀಡ್ ಕಂಪನಿ, ತಾನು ನೆದರ್ಲೆಂಡ್ಸ್‌ನ ಉನ್ನತ ವ್ಯಕ್ತಿಯೊಬ್ಬರಿಗೆ 11 ಲಕ್ಷ ಡಾಲರ್ ಕೊಟ್ಟದ್ದನ್ನು ಒಪ್ಪಿಕೊಂಡಿತು. ಆ ವ್ಯಕ್ತಿ ರಾಣಿ ಜೂಲಿಯಾನಾರ ಪತಿ, ರಾಜಕುಮಾರ ಬರ್ನ್‌ಹಾರ್ಡ್. ತನಿಖಾ ವರದಿ ಬಂದ ಮೇಲೆ ಅವರು ಸೇನಾ ಹುದ್ದೆಗಳನ್ನೆಲ್ಲ ಬಿಡಬೇಕಾಯಿತು. ಸ್ಟಾರ್‌ಫೈಟರ್ ಕಾಲದ ಸ್ನೇಹಗಳ ಬೆಲೆ ಏನೆಂಬುದು ಜನರಿಗೆ ತಿಳಿದದ್ದು ಆ ವಿಮಾನಕ್ಕೆ ಉತ್ತರಾಧಿಕಾರಿ ಗೊತ್ತಾದ ಮೇಲೆ.

ಸೋತವರು ಏನಾದರು? ಎಂ53 ಎಂಜಿನ್ನಿನ ಮಿರಾಜ್ ಎಫ್1ರ ತಯಾರಿ ನಡೆಯಲೇ ಇಲ್ಲ. ಆದರೆ ಆ ಎಂಜಿನ್ ವ್ಯರ್ಥವಾಗಲಿಲ್ಲ; ಸೋಲಿನ ವರ್ಷದ ಕೊನೆಗೆ ಫ್ರಾನ್ಸ್ ಮಿರಾಜ್-2000 ಕಟ್ಟಲು ನಿರ್ಧರಿಸಿ ಅದರಲ್ಲೇ ಅದನ್ನು ಕೂರಿಸಿತು. ಎಫ್-16ರಿಂದ ಕಲಿತ ಪಾಠ ಅದರಲ್ಲಿ ಎದ್ದು ಕಾಣುತ್ತದೆ: ಅದೂ ಬೇಕೆಂದೇ ಸಮತೋಲನ ತಪ್ಪಿಸಿ, ತಂತಿಗಳ ಮೇಲೆ ಹಾರಿಸುವ ವಿಮಾನ. 1982ರಲ್ಲಿ ಭಾರತ ಅದನ್ನು ಕೊಂಡಿತು. ಅದಕ್ಕೂ ಮುಂಚೆ, 1978ರಲ್ಲಿ, ಮಿರಾಜ್ ಎಫ್1 ಮತ್ತು ವಿಗನ್ ಎರಡೂ ದೆಹಲಿಯ ಬಾಗಿಲು ತಟ್ಟಿದ್ದವು. ವಿಗನ್ನಿನ ಎಂಜಿನ್ ತಮ್ಮದೆಂದು ಅಮೆರಿಕನ್ನರು ಮಾರಾಟಕ್ಕೆ ಅಡ್ಡ ನಿಂತರು. ನಾಲ್ಕು ದೇಶಗಳಿಗಿದ್ದ ಅನುಮಾನ ಸುಳ್ಳಾಗಿರಲಿಲ್ಲ. ಕೊನೆಗೆ ಗೆದ್ದದ್ದು ಇನ್ನೊಂದು ಸ್ಪರ್ಧಿ ವಿಮಾನ ಜಾಗ್ವಾರ್, ಮತ್ತು ಬೆಂಗಳೂರಿನ ಎಚ್‌ಎಎಲ್ ಶೆಡ್ಡುಗಳಿಗೆ ವರ್ಷಗಟ್ಟಲೆ ಕೆಲಸ ಸಿಕ್ಕಿತು.

ಯುರೋಪಿನವರೇ ಸೇರಿ ಒಂದು ಫೈಟರ್ ಕಟ್ಟುವ ಮಾತು 1980ರ ದಶಕದಲ್ಲಿ ಮತ್ತೆ ಎದ್ದು, 1985ರಲ್ಲಿ ಫ್ರಾನ್ಸ್ ಒಂದು ದಾರಿ, ಬ್ರಿಟನ್, ಜರ್ಮನಿ, ಇಟಲಿ, ಸ್ಪೇನ್ ಇನ್ನೊಂದು ದಾರಿ ಹಿಡಿದವು. ಒಂದರಿಂದ ರಫೇಲ್, ಇನ್ನೊಂದರಿಂದ ಟೈಫೂನ್. ನಮ್ಮ ನಾಲ್ವರು ಎರಡನ್ನೂ ಕೊಳ್ಳಲಿಲ್ಲ. ಎಫ್-16ಗಳಿಗೆ ಒಟ್ಟಾಗಿಯೇ ಹೊಸ ರೇಡಾರ್, ಹೊಸ ಕಂಪ್ಯೂಟರ್ ಹಾಕಿಸಿ ಬಾಳಿಕೆ ಹೆಚ್ಚಿಸಿಕೊಂಡರು. ಅವುಗಳಲ್ಲೊಂದು, ಡಚ್ ವಾಯುಪಡೆಯದು, 1999ರ ಮಾರ್ಚ್ 24ರ ರಾತ್ರಿ ಯುಗೊಸ್ಲಾವಿಯಾದ ಮಿಗ್-29 ಒಂದನ್ನು ಹೊಡೆದುರುಳಿಸಿತು. ಮತ್ತೆ ಆಯ್ಕೆಯ ಸರದಿ ಬಂದಾಗ ನಾರ್ವೆ, ನೆದರ್ಲೆಂಡ್ಸ್, ಡೆನ್ಮಾರ್ಕ್ ಮೂರೂ ಅಮೆರಿಕದ ಎಫ್-35 ಹಿಡಿದವು. ಬೆಲ್ಜಿಯಂ ಈ ಸಲವೂ ಕೊನೆಗೆ, 2018ರ ಅಕ್ಟೋಬರ್‌ನಲ್ಲಿ, 34 ಎಫ್-35 ಎಂದಿತು. ಯುರೋಪಿನ ಹಿತಕ್ಕೆ ಇದು ವಿರುದ್ಧ ಎಂದು ಫ್ರೆಂಚ್ ಅಧ್ಯಕ್ಷ ಮ್ಯಾಕ್ರೋನ್ ಬೇಸರಪಟ್ಟರು. ದಿನಾಂಕ ಮುಚ್ಚಿ ಓದಿದರೆ 1975ರ ಪತ್ರಿಕೆಯೇ.

2023ರ ಆಗಸ್ಟ್ 20ರಂದು ಉಕ್ರೇನ್ ಅಧ್ಯಕ್ಷ ಝೆಲೆನ್‌ಸ್ಕಿ ನೆದರ್ಲೆಂಡ್ಸ್‌ನ ಐಂಡ್‌ಹೋವನ್ ವಾಯುನೆಲೆಯಿಂದ ಡೆನ್ಮಾರ್ಕ್‌ನ ಸ್ಕ್ರಿಡ್‌ಸ್ಟ್ರುಪ್‌ಗೆ ಬಂದಿಳಿದರು. ಎರಡೂ ದೇಶಗಳು ತಮ್ಮ ಎಫ್-16ಗಳನ್ನು ಕೊಡುವುದಾಗಿ ಅಂದು ಹೇಳಿದವು, ಡೆನ್ಮಾರ್ಕ್ 19. ಮುಂದೆ ನಾರ್ವೆ, ಬೆಲ್ಜಿಯಂ ಕೂಡ ಸೇರಿಕೊಂಡವು. ಮತ್ತೆ ಅವೇ ನಾಲ್ಕು ದೇಶ. ಸ್ಕ್ರಿಡ್‌ಸ್ಟ್ರುಪ್‌ನ ಹ್ಯಾಂಗರಿನಲ್ಲಿ ಝೆಲೆನ್‌ಸ್ಕಿಯೂ ಡೇನಿಷ್ ಪ್ರಧಾನಿ ಮೆಟ್ಟೆ ಫ್ರೆಡೆರಿಕ್ಸನ್ನರೂ ಏಣಿ ಹತ್ತಿ ವಿಮಾನವೊಂದರೊಳಗೆ ಕುಳಿತು ಫೋಟೋ ತೆಗೆಸಿಕೊಂಡರು. ಇಬ್ಬರೂ ಹುಟ್ಟಿದ್ದು 1970ರ ದಶಕದ ಕೊನೆಗೆ, ಗೋಸೆಲಿಯ ಶೆಡ್ಡುಗಳಲ್ಲಿ ಡೇನರ ಮೊದಲ ವಿಮಾನಗಳಿಗೆ ರಿವೆಟ್ ಬಡಿಯಲು ಸಿದ್ಧತೆ ನಡೆದಿದ್ದ ಕಾಲದಲ್ಲಿ.